ಎರಡು ಖಾಲಿ ಸೀಟು

ಕಲ್ಯಾಣಿ
ಮಾಘ ಮಾಸ, ಬುಧವಾರ, 1941

ಮಗನೇ ಮಚ್ಚೇಂದ್ರ,

ಅಪ್ಪನ ಆಶೀರ್ವಾದ. ನಿನ್ನ ಕೆಮ್ಮು ಹೇಗಿದೆ? ಗಿರಣಿಯ ಹತ್ತಿಯ ಧೂಳು ಎದೆಗೆ ಒಳ್ಳೆಯದಲ್ಲ, ಕೆಲಸದ ಹೊತ್ತಿನಲ್ಲಿ ಬಾಯಿಗೆ ಬಟ್ಟೆ ಕಟ್ಟಿಕೋ. ಸೊಲ್ಲಾಪುರದ ನೀರು ಒಗ್ಗಿತೋ ಇಲ್ಲವೋ ಬರೆ. ಇಲ್ಲಿ ನಾನು, ನಿನ್ನ ಹೆಂಡತಿ ಮುಕ್ತಾಬಾಯಿ, ಕೂಸು ದ್ರೌಪತಿ ಮೂವರೂ ಕ್ಷೇಮ. ನನ್ನದು ಭಜನೆಯ ಮೇಳದಲ್ಲಿ ಕಲಿತ ಅಕ್ಷರ. ಸಾಲು ಡೊಂಕಾಗಿದ್ದರೆ ಬೇಸರಿಸದೆ ಓದು.

ದ್ರೌಪತಿ ಜೋಳದ ರಾಶಿಯ ಕಣದಲ್ಲಿ ಆಡಿ ಬಂದವಳು ಕಿವಿನೋವೆಂದು ಎಂಟು ದಿನ ಅತ್ತಳು. ಬಿಸಿ ಎಣ್ಣೆ ಹಾಕಿದೆವು, ಬೆಳ್ಳುಳ್ಳಿ ರಸ ಹಿಂಡಿದೆವು. ಕಿವಿ ಇನ್ನಷ್ಟು ಬಾತುಕೊಂಡಿತು. ಆ ಕಡೆಯಿಂದ ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಹುಮನಾಬಾದಿನ ದವಾಖಾನೆಗೆ ಒಯ್ಯಲೇಬೇಕೆಂದು ಮುಕ್ತಾಬಾಯಿ ಹಟ ಹಿಡಿದಳು. ಯಾರದಾದರೂ ಬಂಡಿ ಕೇಳಿ ತರುತ್ತೇನೆಂದೆ. “ಬಂಡ್ಯಾಗ ಹೋದ್ರ ದಿನಾ ಪೂರ್ತಿ ಹಿಡೀತದ ಮಾವಾ, ಮೋಟರಕ ಹೋಗೂಣು” ಎಂದಳು. ಅರವತ್ತು ದಾಟಿದರೂ ನಾನು ಮೋಟರನ್ನು ಹೊರಗಿನಿಂದ ನೋಡಿದವನೇ ಹೊರತು ಹತ್ತಿದವನಲ್ಲ. ನಿನ್ನ ಅವ್ವ ಬದುಕಿದ್ದರೆ ಈ ಸುದ್ದಿಯನ್ನು ನಂಬುತ್ತಿರಲಿಲ್ಲ.

ಹೋದ ಶುಕ್ರವಾರ ಬೆಳಿಗ್ಗೆ ಹತ್ತಿದೆವು. ಮುಕ್ತಾಬಾಯಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯ ಬಳಿ ಕೂತಳು. ನಾನು ಊರವರ ಮನೆಯೆದುರು ನಿಲ್ಲುವ ರೂಢಿಯಂತೆ ಬಾಗಿಲ ಹತ್ತಿರ ನಿಂತುಕೊಂಡೆ. ಟಿಕೀಟು ಕೊಡುವ ಮೊಹಿನುದ್ದೀನ್ ಎಂಬಾತ “ಅರೇ ಬಾಬಾ, ಟಿಕೀಟ ತಗೊಂಡು ಯಾಕ ನಿಂತಿ? ಕುಂದರು” ಎಂದು ಭುಜ ಹಿಡಿದು ಕೂರಿಸಿದ. ಮೋಟರು ಹೊರಟಿತು. ದನ ಹೊಡೆದುಕೊಂಡು ಹೋಗುವಾಗ ನಾನು ಕೂತು ಚಿಲುಮೆ ಸೇದುತ್ತಿದ್ದ ಬೇವಿನ ಮರ ಬಂತು ಎನ್ನುವಷ್ಟರಲ್ಲಿ ಹಿಂದೆ ಹೋಗಿತ್ತು. ಒಳಗೊಳಗೆ ಖುಷಿ ಆಗುತ್ತಿತ್ತು.

ನನ್ನ ಪಕ್ಕದಲ್ಲಿ ಪಗಡಿ ಸುತ್ತಿದ, ನನ್ನದೇ ವಯಸ್ಸಿನ ಹಿರಿಯರೊಬ್ಬರು ಕೂತಿದ್ದರು. ಅರ್ಧ ದಾರಿಯಲ್ಲಿ ನನ್ನ ಮುಖ ನೋಡಿ ನಾವು ಊರ ಹೊರಗಿನ ಕೇರಿಯವರೆಂದು ಗುರುತು ಹಿಡಿದರು. ಚಟ್ಟನೆ ಎದ್ದು ನಿಂತು, “ಇವರನ್ನ ಏಳಸು, ಇಲ್ಲಾಂದ್ರ ಇಳಸು” ಎಂದು ಮೊಹಿನುದ್ದೀನನಿಗೆ ಹೇಳಿದರು. ಅವನು ಏನನ್ನುವ ಮೊದಲೇ ನಾನು ಎದ್ದುಬಿಟ್ಟೆ. ಯಾಕೆ ಎದ್ದೆ ಎಂದು ಕೇಳಬೇಡ. ಕಾಲು ತಾವಾಗಿ ಎದ್ದವು. ಮುಕ್ತಾಬಾಯಿ ಏಳಲಿಲ್ಲ. “ಕೂಸಿನ ಕಿವಿ ಸಿಡ್ಯಾಕತ್ತದ ಯಪ್ಪಾ, ನಾ ಏಳಂಗಿಲ್ಲ” ಎಂದಳು. ದನಿ ಏರಿಸಲಿಲ್ಲ.

ಆಮೇಲೆ ನಡೆದದ್ದು ನಗುವಂಥದ್ದು, ಆಗ ನನಗೆ ನಗು ಬರಲಿಲ್ಲ. ಅವರು ನನ್ನ ಪಕ್ಕ ಕೂರಲೊಲ್ಲರು, ನಾನು ಅವರೆದುರು ಕೂರಲೊಲ್ಲೆ. ಎರಡು ಸೀಟು ಖಾಲಿ, ಇಬ್ಬರು ಮುದುಕರು ಅದರ ಆಚೆಗೊಬ್ಬ ಈಚೆಗೊಬ್ಬ ಜೋಲಿ ಹೊಡೆಯುತ್ತ ನಿಂತಿದ್ದೇವೆ. ಒಂದು ತಗ್ಗಿನಲ್ಲಿ ಗಾಲಿ ಇಳಿದಾಗ ಅವರು ಮುಗ್ಗರಿಸಿ ಎರಡೂ ಕೈಯಿಂದ ನನ್ನ ಹೆಗಲು ಹಿಡಿದರು. ನಾನು ಅವರ ನಡು ಹಿಡಿದು ಬೀಳದಂತೆ ತಡೆದೆ. ಕೈ ಬಿಟ್ಟ ಮೇಲೆ ಅವರು ಸುಮ್ಮನೆ ಸೀಟಿನ ಅಂಚಿಗೆ ಕೂತರು. ತುಸು ಹೊತ್ತಿನ ಮೇಲೆ ನಾನೂ ಕೂತೆ. ಹುಮನಾಬಾದಿನಲ್ಲಿ ಇಳಿದು ಅವರು ಮೈಲಿಗೆ ಕಳೆಯಲು ನೇರ ಸ್ನಾನಕ್ಕೆ ಹೋಗಿರಬೇಕು. ಹೋಗಲಿ.

ದವಾಖಾನೆಯಲ್ಲಿ ಡಾಕ್ಟರ ಸಾಹೇಬರು ನಮ್ಮ ಕುಲ ಕೇಳಲಿಲ್ಲ. ಕೂಸಿನ ತಲೆಯನ್ನು ತಮ್ಮ ತೊಡೆಗೆ ಒತ್ತಿ ಹಿಡಿದು, ಚಿಮಟದಿಂದ ಕಿವಿಯೊಳಗಿನದನ್ನು ಎಳೆದರು. ಉಬ್ಬಿ ಮೊಳಕೆಯೊಡೆದ ಜೋಳದ ಕಾಳು! ಇನ್ನು ನಾಲ್ಕು ದಿನ ತಡವಾಗಿದ್ದರೆ ಕಿವಿ ಹೋಗುತ್ತಿತ್ತೆಂದರು. ಈಗ ದ್ರೌಪತಿಗೆ ಎಲ್ಲವೂ ಕೇಳುತ್ತದೆ. ನಾನು ಕೆಮ್ಮಿದರೂ “ಮುತ್ಯಾ, ಒದರಬ್ಯಾಡ” ಎನ್ನುತ್ತಾಳೆ.

ತಿರುಗಿ ಬರುವಾಗ ಯಾರೂ ಏನೂ ಅನ್ನಲಿಲ್ಲ. ನಾನೇ ಮೊದಲು ಹೋಗಿ ಕೂತೆ. ಸುಖವಾಗಿ ಕೂತೆನೆಂದು ಹೇಳಲಾರೆ; ಹಿಂದಿನಿಂದ ಯಾರು ಕೂಗುತ್ತಾರೋ ಎಂದು ಬೆನ್ನು ಕಾಯುತ್ತಲೇ ಇತ್ತು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಕೋಣೆಯ ಜೊತೆಗಾರರಿಗೆಲ್ಲ ನನ್ನ ಶರಣು ತಿಳಿಸು. ನಿನ್ನ ಕೈಕಾಲು ಗಟ್ಟಿಯಾಗಿರಲಿ.

ನಿನ್ನ ಅಪ್ಪ,
ದತ್ತಾತ್ರಿ

ತಾ.ಕ.: ಕಾಗದ ಮಡಚುವ ಮೊದಲು ಇದನ್ನು ಬರೆಯಲೇಬೇಕು. ಮುಕ್ತಾಬಾಯಿ ಸೀಟು ಬಿಟ್ಟು ಏಳದ ಸಂಗತಿಯನ್ನು ಮೋಟರಿನಲ್ಲಿ ಹಿಂದೆ ಕೂತಿದ್ದ ಯಾರೋ ಊರಲ್ಲಿ ಹೇಳಿದ್ದಾರೆ. ಊರ ಹಿರಿಯರು ಹೇಳಿ ಕಳಿಸಿದ್ದಾರೆ, ಬರುವ ಸೋಮವಾರ ನಾವು ಚಾವಡಿಗೆ ಬರಬೇಕಂತೆ. ಮುಕ್ತಾಬಾಯಿ ಎಲ್ಲರೆದುರು ನೆಲಕ್ಕೆ ಮೂಗು ತಿಕ್ಕಿ ತಪ್ಪಾಯಿತು ಅನ್ನಬೇಕಂತೆ. ಅವಳನ್ನು ಕೇಳಿದೆ. “ಕೂಸಿನ ಕಿವಿ ಉಳಿಸಿದ್ದು ತಪ್ಪಂತ ನಾ ಹ್ಯಾಂಗ ಅನ್ಲಿ ಮಾವಾ?” ಎಂದಳು. ಭಾನುವಾರದ ಮೋಟರಿಗೆ ತಾಯಿ ಮಗಳಿಬ್ಬರನ್ನೂ ಕಳಿಸುತ್ತೇನೆ, ನೀನು ಸೊಲ್ಲಾಪುರದಲ್ಲಿ ಇಳಿಸಿಕೋ. ಚಾವಡಿಗೆ ನಾನೊಬ್ಬನೇ ಹೋಗಿ, ನನ್ನ ಸೊಸೆ ಮಾಡಿದ್ದು ಸರಿ ಎಂದು ಹೇಳುತ್ತೇನೆ. ಅಷ್ಟು ಹೇಳಿದ ಮೇಲೆ ಈ ಊರಲ್ಲಿ ನನ್ನನ್ನು ಯಾರೂ ಕೆಲಸಕ್ಕೆ ಕರೆಯಲಿಕ್ಕಿಲ್ಲ. ಗಿರಣಿಯಲ್ಲಿ ಮುದುಕರಿಗೆ ಏನಾದರೂ ಕೆಲಸವಿದೆಯೇ, ವಿಚಾರಿಸಿ ಇಡು.