ದಡದ ಕರೆಂಟು

ಮಕ್ಕಳ ಆಸ್ಪತ್ರೆ, ಮೂರನೇ ಮಹಡಿ
ಭಾನುವಾರ ಮಧ್ಯಾಹ್ನ

ಹಡಗಿನ ಮುಖ್ಯ ಎಂಜಿನಿಯರ್ ಸಾಹೇಬರಿಗೆ,

ಗಂಡನೆಂಬುದನ್ನು ಮರೆತು ಮರ್ಯಾದೆ ಕೊಟ್ಟು ಬರೆಯೋಣವೆಂದು ಕೂತೆ. ಒಂದೇ ಸಾಲಿಗೆ ಸಾಕಾಯಿತು. ನೀನು ಎಂದೇ ಬರೆಯುತ್ತೇನೆ.

ಮೊದಲು ಮಗಳ ವಿಷಯ. ಕ್ಯಾಪ್ಟನ್ ಎಂದು ನೀನು ಮುದ್ದು ಮಾಡುವ ಆ ಹುಡುಗಿ ಶುಕ್ರವಾರ ಸಂಜೆಯಿಂದ ಇಲ್ಲಿದ್ದಾಳೆ. ಅದೇ ಉಬ್ಬಸ. ಈ ಸಲ ಬಾಯಿಗೆ ಹೊಡೆಯುವ ಪಂಪಿಗೆ ಬಗ್ಗಲಿಲ್ಲ, ತುಟಿ ನೀಲಿಗಟ್ಟಿತ್ತು. ಈಗ ಆಮ್ಲಜನಕದ ಮುಖವಾಡ ಹಾಕಿಕೊಂಡು ನಿದ್ದೆ ಮಾಡುತ್ತಿದ್ದಾಳೆ. ಸದ್ಯಕ್ಕೆ ಜೀವಕ್ಕೆ ಅಪಾಯವಿಲ್ಲವಂತೆ. ಇನ್ನೊಂದು ಸಲ ಹೀಗಾದರೆ ನನ್ನ ಕೈಲಿ ಏನೂ ಇಲ್ಲಮ್ಮ ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು. ನಾವು ಇಲ್ಲಿಗೆ ಬಂದು ಮುಟ್ಟುವಷ್ಟರಲ್ಲಿ ನಿನ್ನ ಹಡಗು ಹಗ್ಗ ಬಿಚ್ಚಿಕೊಂಡು ಹೊರಟಾಗಿತ್ತು.

ನಾನು ಬಂದರಿನ ಕೆಲಸಕ್ಕೆ ಯಾಕೆ ಸೇರಿದೆನೆಂದು ನಿನಗೆ ಗೊತ್ತು. ಬಂದು ನಿಂತ ಹಡಗು ಸುಮ್ಮನೆ ನಿಲ್ಲುವುದಿಲ್ಲ. ದೀಪಕ್ಕೆ, ಪಂಪಿಗೆ, ಸರಕಿನ ಶೀತಲ ಪೆಟ್ಟಿಗೆಗಳಿಗೆ ಎಂದು ತನ್ನ ಎಂಜಿನ್ ಓಡಿಸುತ್ತಾ ಹಗಲೂ ರಾತ್ರಿ ಹೊಗೆ ಕಾರುತ್ತದೆ. ಆ ಹೊಗೆ ರಸ್ತೆ ದಾಟಿ ನೇರ ನಮ್ಮ ಮನೆಗೇ ಬರುತ್ತದೆ. ಒಣಹಾಕಿದ ಬಟ್ಟೆಯ ಮೇಲೆ ಮಸಿ, ಮಗಳ ದಿಂಬಿನ ಮೇಲೂ ಮಸಿ. ದಡದಿಂದಲೇ ಕರೆಂಟು ಕೊಟ್ಟರೆ ಹಡಗಿನ ಎಂಜಿನ್ ಆರಿಸಬಹುದಂತೆ ಎಂಬ ಸುದ್ದಿ ಕೇಳಿದ್ದೇ ತಡ, ತೋಳಿನಷ್ಟು ದಪ್ಪದ ಆ ಕೇಬಲ್ಲು ಎಳೆದು ಹಡಗಿಗೆ ಜೋಡಿಸುವ ತಂಡಕ್ಕೆ ಹೆಸರು ಕೊಟ್ಟೆ. ಗಂಡನ್ನ ಕಟ್ಟಿಹಾಕೋಕೆ ಆಗ್ಲಿಲ್ಲ, ಹಡಗನ್ನಾದ್ರೂ ಕಟ್ಟಿಹಾಕು ಎಂದು ಮೇಸ್ತ್ರಿ ರೇಗಿಸಿದ. ನಾನೂ ನಕ್ಕಿದ್ದೆ.

ಗುರುವಾರ ಮೊದಲು ಬಂದದ್ದು ನಿನ್ನ ಹಡಗೇ. ಬ್ಯಾಂಡು, ರಿಬ್ಬನ್ನು, ಭಾಷಣ, ಏನು ಸಂಭ್ರಮ! ಎರಡು ವರ್ಷದ ಮೇಲೆ ನಾವಿಬ್ಬರೂ ಮುಖಾಮುಖಿಯಾದೆವು, ನಡುವೆ ಕೇಬಲ್ಲು ಇಟ್ಟುಕೊಂಡು. ಪ್ಲಗ್ಗು ಕೂತಿತು, ಹಸಿರು ದೀಪ ಹತ್ತಿತು, ಚಪ್ಪಾಳೆ ಬಿತ್ತು. ತಲೆಯೆತ್ತಿ ನೋಡಿದರೆ ಚಿಮಣಿ ಹೊಗೆ ಬಿಡುತ್ತಲೇ ಇತ್ತು. ಇದೇನು ಎಂದು ಕೇಳಿದ್ದಕ್ಕೆ, ಕರೆಂಟನ್ನ ನಿಧಾನಕ್ಕೆ ಬದಲಾಯಿಸ್ಬೇಕು, ಒಂದು ಗಂಟೆ ಕೊಡು, ನಿಲ್ಲಿಸ್ತೀನಿ ಎಂದು ನೀನು ಹೇಳಿದೆ. ನಾನು ಪೆದ್ದಿ, ನಂಬಿದೆ.

ಸಂಜೆಯಾದರೂ ಹೊಗೆ ನಿಲ್ಲದೆ ಫೋನ್ ಮಾಡಿದಾಗ ನಿಜ ಬಾಯಿಬಿಟ್ಟೆಯಲ್ಲ. ಹಿಂದೆ ಯಾವುದೋ ಬಂದರಿನಲ್ಲಿ ದಡದ ಕರೆಂಟು ಕೈಕೊಟ್ಟು, ಪೆಟ್ಟಿಗೆಯ ಮೀನೆಲ್ಲ ಕೊಳೆತು, ತಪ್ಪನ್ನು ನಿನ್ನ ತಲೆಗೆ ಕಟ್ಟಿದ್ದರಂತೆ. ಇನ್ನೊಬ್ಬರ ಕರೆಂಟ್ ನಂಬ್ಕೊಂಡು ನನ್ನ ಎಂಜಿನ್ ಆರಿಸೋಕಾಗಲ್ಲ, ಕೇಬಲ್ ಹಾಕ್ಕೊಂಡಿದೀವಲ್ಲ ಸಾಕು ಬಿಡು ಎಂದೆ ನೀನು. ನಾವು ಜೀವ ತೇಯ್ದು ಎಳೆದ ಕೇಬಲ್ಲಿನಿಂದ ನಿಮ್ಮ ಅಡುಗೆಮನೆಯ ದೀಪ ಉರಿದಿರಬಹುದು, ಅಷ್ಟೇ. ಕೇಬಲ್ಲಿನದೇನೂ ತಪ್ಪಿಲ್ಲ. ಅದಕ್ಕೆ ಕೆಲಸ ಮಾಡಲು ನೀನು ಬಿಡಲೇ ಇಲ್ಲ.

ನಿನಗೆ ಭಯವಿತ್ತು, ಒಪ್ಪುತ್ತೇನೆ. ನಿನಗೆ ಯಾವಾಗ ಭಯವಿರಲಿಲ್ಲ ಹೇಳು? ರಜೆಗೆ ಮನೆಗೆ ಬಂದರೂ ಸೂಟ್‌ಕೇಸಿನ ಬಟ್ಟೆಯನ್ನು ಕಪಾಟಿಗೆ ಇಟ್ಟವನಲ್ಲ, ನಡುವೆ ಕರೆ ಬಂದರೆ ಬೇಕಾಗುತ್ತದೆ ಎಂದು. ಅದು ನನಗೆ ಮಾಡಿದ ಅವಮಾನ, ಹೇಗೋ ನುಂಗಿಕೊಂಡೆ. ಇದನ್ನು ನುಂಗಲಾರೆ.

ಯಾಕೆಂದರೆ ಇಷ್ಟೆಲ್ಲ ಗೊತ್ತಿದ್ದೂ ಶುಕ್ರವಾರ ಮಗಳಿಗೆ ಫೋನ್ ಮಾಡಿದವನು ನೀನು. ನನ್ನ ಹಡಗು ಈಗ ಹೊಗೆ ಬಿಡಲ್ಲ ಕ್ಯಾಪ್ಟನ್, ಕಿಟಕಿ ತೆಗೆದು ನೋಡು, ಅಪ್ಪ ಟಾಟಾ ಮಾಡ್ತಾನೆ ಎಂದೆಯಂತೆ. ಶಾಲೆಯಿಂದ ಬಂದವಳು, ಹೊಗೆ ನುಗ್ಗದಿರಲೆಂದು ಸಂದುಗಳಿಗೆ ನಾನು ಅಂಟಿಸಿದ್ದ ಟೇಪೆಲ್ಲ ಕಿತ್ತು, ಕಿಟಕಿ ತೆರೆದು, ಕುರ್ಚಿ ಎಳೆದುಕೊಂಡು ಕೂತಿದ್ದಾಳೆ. ನಾನು ಕೆಲಸ ಮುಗಿಸಿ ಬಂದಾಗ ನೆಲದ ಮೇಲೆ ಬಿದ್ದಿದ್ದಳು. ನೀನು ಡೆಕ್ಕಿಗೆ ಬಂದು ಕೈಬೀಸಿದೆಯೋ ಇಲ್ಲವೋ ಎಂದು ನಾನು ಕೇಳುವುದಿಲ್ಲ. ಉತ್ತರ ಯಾವುದಾದರೂ ನನ್ನ ಹೊಟ್ಟೆ ಉರಿಯುತ್ತದೆ.

ನಾಳೆ ಬಂದರಿನ ಅಧಿಕಾರಿಯ ಮುಂದೆ ನಿಂತು, ಆ ಹಡಗಿನ ಎಂಜಿನ್ ಒಂದು ಗಳಿಗೆಯೂ ನಿಲ್ಲಲಿಲ್ಲ ಎಂದು ಹೇಳುತ್ತೇನೆ. ನಿನ್ನ ಕೆಲಸ ಹೋಗಬಹುದು. ನನ್ನದೂ ಉಳಿಯುವುದು ಅನುಮಾನ. ಅವರ ಸಂಭ್ರಮಕ್ಕೆ ಕಲ್ಲು ಹಾಕಿದವಳನ್ನು ಯಾರು ಇಟ್ಟುಕೊಳ್ಳುತ್ತಾರೆ? ಹಿಂದಿನಿಂದ ಚಾಡಿ ಹೇಳಿದಳು ಎನ್ನಬೇಡ, ಅದಕ್ಕೇ ಮೊದಲು ನಿನಗೆ ತಿಳಿಸಿದ್ದೇನೆ.

ಇಂತು,
ನಿನ್ನ ಮಗಳ ತಾಯಿ

ತಾ.ಕ.: ಬೆಳಿಗ್ಗೆ ಎಚ್ಚರವಾದಾಗ ಅವಳು ಮುಖವಾಡ ಸರಿಸಿ, ಆ ಹೊಗೆ ಅಪ್ಪನ ಹಡಗಿಂದಾ ಅಮ್ಮಾ ಎಂದು ಕೇಳಿದಳು. ಅಲ್ಲ ಮರಿ, ಪಕ್ಕದ ಹಡಗಿಂದು ಎಂದುಬಿಟ್ಟೆ. ಹೌದು, ಪಕ್ಕದ್ದೇ ಇರ್ಬೇಕು ಎಂದು ನನ್ನ ಕೈ ಸವರಿದಳು. ಅವತ್ತು ಬಂದರಿನಲ್ಲಿ ಇದ್ದದ್ದು ನಿನ್ನದೊಂದೇ ಹಡಗು. ಅವಳು ಅಷ್ಟು ಹೊತ್ತೂ ಅದನ್ನೇ ನೋಡುತ್ತಾ ಕೂತಿದ್ದಳು.