ಅಂಗಳಕ್ಕೆ ಬಂದ ಬಕೆಟ್

ಮನೆಯಿಂದ,
ಹದಿನಾಲ್ಕನೇ ತಾರೀಖು, ಸೋಮವಾರ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ದಿನವಿಡೀ ಏಣಿಯ ಮೇಲೆ ಕತ್ತೆತ್ತಿ ನಿಂತು ಪರರ ಮನೆಯ ಸೀಲಿಂಗಿಗೆ ಬಣ್ಣ ಬಳಿಯುವವನಿಗೆ ಬೆನ್ನು ನೋಯದೆ ಇನ್ನೇನಾಗಬೇಕು? ಬಿಸಿನೀರಿನ ಶಾಖ ಕೊಟ್ಟುಕೋ, ಹೊತ್ತಿಗೆ ಸರಿಯಾಗಿ ಊಟ ಮಾಡು. ನಿದ್ದೆ ಬರುತ್ತಿಲ್ಲ ಎಂದು ಬರೆದಿದ್ದೀಯ. ಬರಬಾರದು ಕೂಡ. ಬಂದಿದ್ದರೆ ನೀನೂ ಒಬ್ಬ ಮನುಷ್ಯನೇ ಎಂದು ನಾನೇ ಕೇಳುತ್ತಿದ್ದೆ. ನನ್ನ ಚಿಂತೆ ಮಾಡಬೇಡ, ನಾನು ಗುಂಡುಕಲ್ಲಿನ ಹಾಗಿದ್ದೇನೆ.

ನಿನ್ನ ಮಗಳು ಚಿಟ್ಟಿ ಚೆನ್ನಾಗಿದ್ದಾಳೆ. ಮೂರನೇ ಕ್ಲಾಸಿಗೇ ಎಂಥ ಬುದ್ಧಿ ಅಂತೀಯ! ಮನೆಯಲ್ಲಿ ಪಟಾಕಿ ಹಚ್ಚುವಾಗ ಏನೇನು ಎಚ್ಚರ ವಹಿಸಬೇಕು ಎಂದು ಐದು ಸಾಲು ಬರೆದುಕೊಂಡು ಬರಲು ಟೀಚರ್ ಹೇಳಿದ್ದರಂತೆ. ಹತ್ತಿ ಬಟ್ಟೆ ಹಾಕಬೇಕು, ಚಪ್ಪಲಿ ಮೆಟ್ಟಬೇಕು, ಒಂದು ಸಲಕ್ಕೆ ಒಂದೇ ಹಚ್ಚಬೇಕು, ಹತ್ತದೇ ಹೋದ ಪಟಾಕಿಯ ಹತ್ತಿರ ಬಗ್ಗಬಾರದು ಎಂದೆಲ್ಲ ಬರೆದು, ಐದನೆಯದಾಗಿ, ಬಣ್ಣ ಬಳಿಯುವ ಅಪ್ಪ ಇದ್ದರೆ ನೀರಿನ ಬಕೆಟ್ಟನ್ನು ಮೂಸಿ ನೋಡಬೇಕು ಎಂದು ಬರೆದಳು. ನನಗೆ ನಗುವೂ ಬಂತು, ಹೊಟ್ಟೆಯೂ ಉರಿಯಿತು. ಟೀಚರ್ ಕೆಂಪು ಶಾಯಿಯಲ್ಲಿ ಶಹಬ್ಬಾಸ್ ಎಂದು ಬರೆದಿದ್ದಾರೆ. ಆ ಹಾಳೆಯನ್ನು ಊಟದ ಮೇಜಿನ ಎದುರಿನ ಗೋಡೆಗೆ ಅಂಟಿಸಿದ್ದೇನೆ. ಹಬ್ಬಕ್ಕೆಂದು ನೀನೇ ಎರಡು ಕೋಟ್ ಬಳಿದ ಗೋಡೆ ಅದು.

ಅಬ್ಬಾ, ಹಬ್ಬದ ಆ ಸಂಜೆ ಎಂಥ ಶಿಸ್ತು ನಿನ್ನದು! ಮಕ್ಕಳು ಇಲ್ಲೇ ನಿಲ್ಲಬೇಕೆಂದು ಅಂಗಳದಲ್ಲಿ ಸುಣ್ಣದ ಗೆರೆ ಎಳೆದೆ. ಉರಿದು ಮುಗಿದ ಸುರುಸುರುಬತ್ತಿಯ ತಂತಿಯನ್ನು ಕಂಡಲ್ಲಿ ಎಸೆಯಬಾರದು, ಕಾದ ತಂತಿ ತುಳಿದರೆ ಕಾಲು ಹೋಗುತ್ತದೆ, ಬಕೆಟ್ಟಿಗೇ ಹಾಕಬೇಕು ಎಂದು ಹತ್ತು ಸಲ ಹೇಳಿದೆ. ನಿನ್ನ ಹೆಂಡತಿ ಪಾಪ, ಗಂಡ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದಳು. ಕೆಂಡವಾಗಿದ್ದ ತಂತಿಯನ್ನು ತಂದು ಬಕೆಟ್ಟಿಗೇ ಹಾಕಿದಳು. ನಮ್ಮ ಮನೆಯಲ್ಲಿ ನೀರು ತುಂಬುವುದೂ ಖಾಲಿಯಾದ ಪೇಂಟಿನ ಬಕೆಟ್ಟಿನಲ್ಲೇ, ನೀನು ಬ್ರಷ್ ತೊಳೆದ, ಪೆಟ್ರೋಲಿನಂತೆ ಹೊತ್ತಿಕೊಳ್ಳುವ ಥಿನ್ನರ್ ಇಡುವುದೂ ಅಂಥದೇ ಬಿಳಿ ಬಕೆಟ್ಟಿನಲ್ಲೇ. ಬಣ್ಣ ತಳಕ್ಕೆ ಕೂತು ಮೇಲೆ ತಿಳಿಯಾದ ಥಿನ್ನರ್ ಮಬ್ಬಿನಲ್ಲಿ ಯಾರ ಕಣ್ಣಿಗಾದರೂ ನೀರೇ. ಮನೆಯೆಲ್ಲ ಹೊಸ ಪೇಂಟಿನ ವಾಸನೆ ಇದ್ದಾಗ ಮೂಗಿಗಾದರೂ ಏನು ಗೊತ್ತಾಗಬೇಕು? ಬಗ್ಗಿದವಳ ಮುಖಕ್ಕೇ ಬೆಂಕಿ ಎದ್ದಿತು.

ಅವಳನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ. ಎರಡೂ ಕೈಗೆ ಇನ್ನೂ ಬ್ಯಾಂಡೇಜು. ನಾನೇ ತುತ್ತು ಕೊಡಬೇಕು, ನಾನೇ ತಲೆ ಬಾಚಬೇಕು, ಬಾಚುವಷ್ಟು ಉಳಿದಿರುವುದು ಒಂದೇ ಕಡೆ. ಕೆನ್ನೆಯ ಚರ್ಮ ಎಳೆದುಕೊಂಡು ಬಾಯಿ ಸೊಟ್ಟಗಾಗಿದೆ. ಕನ್ನಡಿ ತೆಗೆದಿಟ್ಟಿದ್ದೇನೆ. ಇದನ್ನೆಲ್ಲ ನಿನಗೆ ನೋವಾಗಲೆಂದೇ ಬರೆಯುತ್ತಿದ್ದೇನೆ, ಅಷ್ಟಾದರೂ ನಿನ್ನ ಪಾಲಿಗಿರಲಿ. ಆಸ್ಪತ್ರೆಯ ಬಾಗಿಲ ತನಕ ಬಂದವನು, ಅವಳು ನಿನ್ನ ಮುಖ ನೋಡಲಾರಳಂತೆ ಎಂದು ನಾನು ಹೇಳಿದ ಕೂಡಲೇ ಚೀಲ ಹಿಡಿದು ಪರವೂರಿನ ಕೆಲಸಕ್ಕೆ ಹೋದೆಯಲ್ಲ, ಅಂದಿನಿಂದ ಇಬ್ಬರನ್ನೂ ನಾನು ನೋಡಿಕೊಳ್ಳುತ್ತಿದ್ದೇನೆ. ಮಕ್ಕಳಿಲ್ಲದ ನನಗೆ ಚಿಟ್ಟಿಯೇ ಎಲ್ಲ. ಅವಳೂ ಅಷ್ಟೇ, ಅತ್ತೆ ಹೇಳಿದ್ದೇ ವೇದವಾಕ್ಯ.

ಎತ್ತಿ ಆಡಿಸಿದ ಕೈ ಇದು, ಎಷ್ಟು ಸಿಟ್ಟಿದ್ದರೂ ನಿನಗೆ ಒಳಿತನ್ನೇ ಬಯಸುತ್ತದೆ. ಏಣಿ ಹತ್ತುವಾಗ ಜೋಪಾನ.

ನಿನ್ನ ಅಕ್ಕ

ವಿ.ಸೂ.: ಅಂಚೆಗೆ ಹೊತ್ತಾಯಿತು, ಗೀಚುತ್ತಿದ್ದೇನೆ. ನಿನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಾಳೆ. ಹೊಗೆಗೆ ಸುಟ್ಟಿದ್ದ ಗಂಟಲು ವಾಸಿಯಾಗಿ ಶುಕ್ರವಾರ ಅವಳಿಗೆ ಮಾತು ಬಂತು. ಆಡಿದ ಮೊದಲ ಮಾತೇ, "ಆ ಬಕೆಟ್ ತಂದಿಟ್ಟಿದ್ದು ನೀವು ಅತ್ತಿಗೆ, ಕಿಟಕಿಯಿಂದ ನೋಡಿದೀನಿ. ಅವರಿಗೆ ನೀವೇ ಬರೀರಿ, ಇಲ್ಲಾಂದ್ರೆ ಬೇರೆಯವರ ಕೈಲಿ ಬರೆಸ್ತೀನಿ." ಹೌದು, ನಾನೇ. ನೀನು ತುಂಬಿಸಿಟ್ಟಿದ್ದ ನೀರಿನಲ್ಲಿ ಮೆಟ್ಟಿಲು ತೊಳೆದೆ. ಅದರ ಬದಲಿಗೆ ಹಿತ್ತಲಿನಲ್ಲಿದ್ದ ಇನ್ನೊಂದು ಬಕೆಟ್ಟನ್ನು ನೀರೆಂದುಕೊಂಡು ತಂದಿಟ್ಟೆ. ಅದನ್ನು ಮುಟ್ಟಬೇಡಿ ಎಂದು ನೀನು ಹೇಳಿದ್ದು ಕೇಳಿಸಿತ್ತು, ಗಡಿಬಿಡಿಯಲ್ಲಿ ಮರೆತೆ. ಯಾರು ಇಟ್ಟದ್ದೆಂದು ಎಲ್ಲರೂ ಕೇಳಿದಾಗ, "ಗಡಿಬಿಡಿಯಲ್ಲಿ ನಾನೇ ಅದಲುಬದಲು ಮಾಡಿದೆನೇನೋ" ಎಂದು ನೀನೇ ತಲೆ ತಗ್ಗಿಸಿದೆ. ನೀನೇ ಇಟ್ಟದ್ದು, ಕಣ್ಣಾರೆ ಕಂಡೆ ಎಂದು ನಾನೂ ಹೇಳಿಬಿಟ್ಟೆ. ನಿನ್ನ ಮುಖ ನೋಡಲಾರೆ ಎಂದು ಅವಳು ಹೇಳಿರಲೂ ಇಲ್ಲ, ಹೇಳಲು ಆಗ ಅವಳಿಗೆ ದನಿಯೇ ಇರಲಿಲ್ಲವಲ್ಲ. ಈಗ ನಿನ್ನನ್ನು ಬಾ ಎನ್ನುತ್ತಿದ್ದಾಳೆ, ಬಂದು ನೋಡು. ಚಿಟ್ಟಿಗೂ ಎಲ್ಲ ಹೇಳಿದಳು. ಮಗು ನನ್ನ ಕಡೆ ತಿರುಗಿ, "ಹೌದಾ ಅತ್ತೆ?" ಎಂದು ಕೇಳಿತು. "ಇಲ್ಲ ಕಂದಾ, ಇಟ್ಟಿದ್ದು ಅಪ್ಪನೇ" ಎಂದೆ. ಮಗು ನನ್ನ ಮಾತನ್ನೇ ನಂಬಿತು.