ಕೆಂಚನ ಗಂಟಲಲ್ಲಿ ಮೂಳೆ ಇರಲಿಲ್ಲ

ಬುಕ್ಕಾಪಟ್ಟಣ
೨೧ ನವೆಂಬರ್ ೨೦೨೫, ಶುಕ್ರವಾರ

ರಕ್ಷಾಳ ಅಪ್ಪನಿಗೆ ನಮಸ್ಕಾರ.

ಕ್ಷೇಮ ಸಮಾಚಾರ ಕೇಳುವ ಸ್ಥಿತಿಯಲ್ಲಿ ನಾನಿಲ್ಲ. ನಾಲ್ಕು ದಿನದಿಂದ ನೀವು ಫೋನ್ ಎತ್ತುತ್ತಿಲ್ಲ. ಇಂಜೆಕ್ಷನ್ ಇಂಜೆಕ್ಷನ್ ಎಂದು ತಲೆ ತಿಂದದ್ದಕ್ಕೆ ಸಿಟ್ಟು ಬಂದಿರಬೇಕು. ಅದಕ್ಕೇ ನಿಮ್ಮ ತಮ್ಮ ಹುಚ್ಚಣ್ಣನ ಕೈಲಿ ಈ ಕಾಗದ ರಾಯಚರ್ಲಿಗೆ ಕಳಿಸುತ್ತಿದ್ದೇನೆ. ಓದಿದ ಕೂಡಲೇ ಕುರಿಮಂದೆ ಅವನಿಗೆ ಒಪ್ಪಿಸಿ ಪಾವಗಡದ ಸರ್ಕಾರಿ ಆಸ್ಪತ್ರೆಗೆ ಹೋಗಿ.

ನಮ್ಮ ನಾಯಿ ಕೆಂಚ ಬಾಯಿ ಮುಚ್ಚಲಾರದೆ ಜೊಲ್ಲು ಸುರಿಸುತ್ತಿದ್ದಾಗ, ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ, ತೆಗೆಯಿರಿ ಎಂದವಳು ನಾನೇ. ಹಿಂದಿನ ದಿನ ಬಾಡೂಟ ಆಗಿತ್ತಲ್ಲ, ಬೇರೇನೂ ಹೊಳೆಯಲಿಲ್ಲ. ನೀವು ಕೈ ಹಾಕಿ ತಡಕಿದಿರಿ. ಮೂಳೆ ಸಿಗಲಿಲ್ಲ, ಹೆಬ್ಬೆರಳು ಹಲ್ಲಿಗೆ ತರಚಿತು. ಸುಣ್ಣ, ಖಾರದ ಪುಡಿ ಮೆತ್ತಿಕೊಂಡು ಮರುದಿನ ಮಂದೆ ಹೊಡೆದುಕೊಂಡು ಹೊರಟಿರಿ.

ಫೋನಿನಲ್ಲಿ ನೀವು ಅಂದದ್ದು ಇನ್ನೂ ಕಿವಿಯಲ್ಲಿದೆ. "ಮನೆ ನಾಯಿ ಕಣೇ, ಮರಿಯಿಂದ ಸಾಕಿವ್ನಿ. ಹುಚ್ಚಿಡಿದಿದ್ರೆ ಅಟ್ಟಿಸ್ಕಂಡು ಬಂದು ಕಚ್ತಿತ್ತು. ನೀರು ಕುಡೀತೈತೆ ಅಂತ ನೀನೇ ಅಂದ್ಯಲ್ಲ, ಸುಮ್ನೆ ಬುಡು" ಎಂದಿರಿ.

ಹೌದು, ನಾನೇ ಅಂದಿದ್ದೆ. ಮೂಳೆ ಆಚೆ ಬಂತು, ಕೆಂಚ ಚೆನ್ನಾಗಿದ್ದಾನೆ ಎಂದೂ ಹೇಳಿದ್ದೆ. ಅದೆಲ್ಲ ಸುಳ್ಳು. ನೀವು ಹೋದ ಮೂರನೇ ದಿನ ಕೆಂಚ ಸತ್ತ. ಅವತ್ತು ಬೆಳಿಗ್ಗೆ ನೀರಿನ ಬಾನಿಗೆ ಮೂತಿ ಇಟ್ಟಿದ್ದು ನಿಜ, ಒಂದು ಗುಟುಕೂ ಇಳಿಯಲಿಲ್ಲ. ಅವನನ್ನು ಮಣ್ಣು ಮಾಡಿ ಬಂದು, ಅದೇ ಸಂಜೆ ನಿಮಗೆ ಸುಳ್ಳು ಹೇಳಿದೆ. ಕೈ ಹಾಕಿಸಿದವಳು ನಾನು ಎಂಬ ಭಯ ನನ್ನ ಬಾಯಿ ಕಟ್ಟಿತು. ಆಮೇಲೆ ಇಂಜೆಕ್ಷನ್ ತಗೊಳ್ಳಿ ಎಂದು ಬೇಡಿದೆನೇ ಹೊರತು, ಯಾಕೆ ಎಂದು ಹೇಳುವ ಧೈರ್ಯ ಬರಲಿಲ್ಲ.

ದನದ ಡಾಕ್ಟರ್ ವನಜಾಕ್ಷಿ ಮೇಡಂ ವಿಷಯ ಕೇಳಿ ಹಣೆ ಚಚ್ಚಿಕೊಂಡರು. "ಎಲ್ಲಾ ಹುಚ್ಚು ನಾಯೀನೂ ಅಟ್ಟಿಸ್ಕೊಂಡು ಬರಲ್ಲ ಕಣಮ್ಮ. ಕೆಲವಕ್ಕೆ ದವಡೆ ಬಿದ್ದೋಗುತ್ತೆ, ಸುಮ್ನೆ ಮೂಲೆ ಸೇರ್ಕೊಳ್ತವೆ. ಮೂಳೆ ಅಂದ್ಕೊಂಡು ಜನ ಕೈ ಹಾಕ್ತಾರೆ" ಎಂದರು. ರೋಗ ಕಾಣಿಸಿಕೊಂಡ ಮೇಲೆ ಔಷಧಿಯೇ ಇಲ್ಲವಂತೆ. ಅದಕ್ಕೆ ಮೊದಲೇ ಇಂಜೆಕ್ಷನ್ ಬೀಳಬೇಕು. ಹನ್ನೊಂದು ದಿನ ಆಗಿಹೋಗಿದೆ, ಆದರೂ ಹೋಗಲೇಬೇಕಂತೆ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುತ್ತಾರೆ ಎಂದು ಹೆದರಬೇಡಿ, ಅದು ಹಳೇ ಕಾಲ. ಈಗ ತೋಳಿಗೆ ಕೊಡುತ್ತಾರೆ, ಗಾಯದ ಹತ್ತಿರ ಇನ್ನೊಂದು ಔಷಧಿ ಹಾಕುತ್ತಾರೆ. ಅಷ್ಟೇ.

ನಿಮ್ಮ ಕಾಲು ಹಿಡಿಯುತ್ತೇನೆ. ಬಂದ ಮೇಲೆ ಬೈಯಿರಿ, ತವರಿಗೆ ಕಳಿಸಿ, ಜನ್ಮದಲ್ಲಿ ಮಾತಾಡಿಸಬೇಡಿ. ಇವತ್ತು ಮಾತ್ರ ಹೋಗಿ. ಹುಚ್ಚಣ್ಣನ ಬೈಕನ್ನೇ ತಗೊಂಡು ಹೊರಡಿ, ಆಫ್ ಮಾಡುವುದಕ್ಕೂ ಬಿಡಬೇಡಿ.

ನಿಮ್ಮ
ಗಂಗಾಲಕ್ಷ್ಮಿ

ಇನ್ನೊಂದು ಮಾತು. ನಿಮಗಿಂತ ಮೊದಲು ಕೆಂಚನ ಬಾಯಿಗೆ ನಾನೂ ಕೈ ಹಾಕಿದ್ದೆ, ನನಗೂ ಹಲ್ಲು ತಾಗಿತ್ತು. ಅವನು ಸತ್ತ ಮರುದಿನವೇ ಶಿರಾಕ್ಕೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ. ಎರಡಾಗಿವೆ, ಮೂರನೆಯದು ಇವತ್ತು. ಮನೆಯಲ್ಲಿ ಇನ್ಯಾರಾದರೂ ಕೈ ಹಾಕಿದ್ದಾರಾ ಎಂದು ನರ್ಸ್ ಎರಡು ಸಲ ಕೇಳಿದರು. ಎರಡು ಸಲವೂ ಇಲ್ಲ ಎಂದೆ.